ಹಳೆ ಚಾವಣಿ ಸ್ಲೇಟಿನಿಂದ ಪಾತಿಗೆ ಅಂಚು: ಕತ್ತರಿಸೋಕೆ ಮಿಷನ್ ಬೇಕೇ ಬೇಕಾ?

ಪ್ರಶ್ನೆ: ನಮಸ್ಕಾರ ಸರ್. ನಾವು ಇರೋದು ಬ್ರಿಟನ್ನಿನ ವೇಲ್ಸ್‌ನ ಸ್ವಾನ್ಸಿಯಲ್ಲಿ, ಊರು ಹಾಸನದ ಹತ್ತಿರ. ನಮ್ಮದು ಹಳೇ ಮನೆ. ಚಾವಣಿ ರಿಪೇರಿ ಮಾಡಿಸಿದಾಗ ಇಳಿಸಿದ ಸ್ಲೇಟುಗಳಲ್ಲಿ (ಹೆಂಚಿನ ಬದಲು ಹೊದಿಸುವ ತೆಳು ಕಲ್ಲುಗಳು) ಸುಮಾರು ಮೂವತ್ತು ಚೆನ್ನಾಗಿವೆ. ಒಂದೊಂದೂ 20 ಇಂಚು ಉದ್ದ, 10 ಇಂಚು ಅಗಲ. ಎಸೆಯೋಕೆ ಮನಸ್ಸು ಬರಲಿಲ್ಲ. ಹಿತ್ತಲಲ್ಲಿ ಮೆಂತ್ಯ, ಕೊತ್ತಂಬರಿ ಬೆಳೆಯೋಕೆ 6 ಅಡಿ ಉದ್ದ, 3 ಅಡಿ ಅಗಲದ ಪಾತಿ ಮಾಡಿದ್ದೇನೆ. ಸ್ಲೇಟನ್ನು ಅರ್ಧ ಮಾಡಿ ಅದಕ್ಕೆ ಅಂಚು ನಿಲ್ಲಿಸೋಣ, ಉಳಿದರೆ ಹಕ್ಕಿಗೂಡಿನ ಪೆಟ್ಟಿಗೆಗೆ ಸಣ್ಣ ಚಾವಣಿ ಮಾಡೋಣ ಅಂತ ಆಸೆ. ಸುತ್ತಿಗೆಯಲ್ಲಿ ಒಂದನ್ನು ಹೊಡೆದು ನೋಡಿದೆ, ಅಡ್ಡಾದಿಡ್ಡಿ ಒಡೆದುಹೋಯಿತು. ನಮ್ಮ ಮನೆಯವರು ಕಲ್ಲು ಕತ್ತರಿಸುವ ಗ್ರೈಂಡರ್ ಬಾಡಿಗೆಗೆ ತರೋಣ ಅಂತಾರೆ. ಏನು ಮಾಡಲಿ? — ಓದುಗರು, ಸ್ವಾನ್ಸಿ

ಉತ್ತರ: ಗ್ರೈಂಡರ್ ತರಬೇಡಿ. ನಿಮ್ಮ ಪಾತಿಗೆ ಬೇಕಾಗುವ ಹನ್ನೆರಡು ಸ್ಲೇಟು ಅರ್ಧ ಮಾಡೋಕೆ ಅದು ಬೇಕಾಗಿಲ್ಲ. ಕೈಯಲ್ಲೇ ಆಗುವ ಕೆಲಸ ಇದು, ಶತಮಾನಗಳಿಂದ ಕೈಯಲ್ಲೇ ಆಗಿದೆ, ಅದೂ ನೀವಿರುವ ದೇಶದಲ್ಲೇ. ಉತ್ತರ ವೇಲ್ಸ್‌ನ ಬೆಥೆಸ್ಡಾ ಹತ್ತಿರದ ಪೆನ್ರಿನ್ ಗಣಿ, ಲಾನ್‌ಬೆರಿಸ್‌ನ ಡಿನೋರ್ವಿಕ್ ಗಣಿ, ಬ್ಲೈನೈ ಫೆಸ್ಟಿನಿಯೋಗ್ ಊರಿನ ಗಣಿಗಳು, ಇಲ್ಲೆಲ್ಲ ತೆಗೆದ ಸ್ಲೇಟು ಹಡಗಿನಲ್ಲಿ ದೂರದ ದೇಶಗಳಿಗೂ ಹೋಯಿತು. ಡಿನೋರ್ವಿಕ್ 1969ರಲ್ಲಿ ಮುಚ್ಚಿತು. ಈ ಗಣಿಗಳ ಪ್ರದೇಶವನ್ನು ಯುನೆಸ್ಕೋ 2021ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ನಿಮ್ಮ ಅಳತೆಯ ಸ್ಲೇಟಿಗೆ ಅಲ್ಲಿನವರು ಕೌಂಟೆಸ್ ಅಂತಾರೆ. 24 ಇಂಚು, 12 ಇಂಚಿನದು ಡಚೆಸ್, 16 ಇಂಚು, 8 ಇಂಚಿನದು ಲೇಡಿ. ಹಳೆ ಸಾಮಾನಿನ ಅಂಗಡಿಗೆ ಹೋಗಿ ಇನ್ನೆರಡು ಬೇಕು ಅಂತ ಕೇಳುವಾಗ ಈ ಹೆಸರುಗಳು ಉಪಯೋಗಕ್ಕೆ ಬರುತ್ತವೆ.

ಆದರೆ ಕತ್ತರಿಸೋ ಮಾತಿಗೆ ಮುಂಚೆ ಒಂದು ವಿಷಯ ಖಾತ್ರಿ ಮಾಡಿಕೊಳ್ಳಿ: ನಿಮ್ಮ ಹತ್ತಿರ ಇರೋದು ನಿಜವಾದ ಕಲ್ಲೇನಾ? ಬ್ರಿಟನ್ನಿನಲ್ಲಿ ಸಿಮೆಂಟಿಗೆ ಕಲ್ನಾರು, ಅಂದರೆ ಆಸ್‌ಬೆಸ್ಟಾಸ್, ಬೆರೆಸಿ ಮಾಡಿದ ನಕಲಿ ಸ್ಲೇಟುಗಳು ತುಂಬಾ ಮನೆಗಳ ಮೇಲೆ ಕೂತಿವೆ. ಕಲ್ನಾರಿನ ಬಳಕೆ ಅಲ್ಲಿ ಪೂರ್ತಿ ನಿಂತದ್ದು 1999ರಲ್ಲಿ. ಹಾಗಾಗಿ 2000ಕ್ಕಿಂತ ಮುಂಚಿನ ಚಾವಣಿ ಅಂದರೆ ಅನುಮಾನ ಇಟ್ಟುಕೊಳ್ಳೋದೇ ಸರಿ. ನಿಜವಾದ ಸ್ಲೇಟಿನಲ್ಲಿ ಒಂದರ ಹಾಗೆ ಇನ್ನೊಂದು ಇರೋದಿಲ್ಲ. ದಪ್ಪ ಅಲ್ಲಲ್ಲಿ ಹೆಚ್ಚು ಕಡಿಮೆ, ಅಂಚು ಚಕ್ಕೆ ಎದ್ದ ಹಾಗೆ ಒರಟು, ಮೈಯಲ್ಲಿ ಸಣ್ಣ ಏರಿಳಿತ, ಪಕ್ಕದಿಂದ ನೋಡಿದರೆ ಪದರ ಪದರ. ನಕಲಿಯದು ಎಲ್ಲವೂ ಒಂದೇ ದಪ್ಪ, ಅಂಚು ನೇರ, ಹಿಂಬದಿಯಲ್ಲಿ ಅಚ್ಚು ಒತ್ತಿದ ಗುರುತು ಅಥವಾ ಅಕ್ಷರ ಇರಬಹುದು. ಸ್ವಲ್ಪ ಅನುಮಾನ ಬಂದರೂ ಕೊರೆಯಬೇಡಿ, ಉಜ್ಜಬೇಡಿ, ಒಡೆಯಬೇಡಿ. ನಿಮ್ಮ ಕೌನ್ಸಿಲ್‌ಗೆ, ಅಂದರೆ ಅಲ್ಲಿನ ನಗರಸಭೆಗೆ, ಫೋನ್ ಮಾಡಿ, ಹೇಗೆ ವಿಲೇವಾರಿ ಮಾಡಬೇಕು ಅಂತ ಅವರೇ ಹೇಳುತ್ತಾರೆ. ನೀವು ಹೊಡೆದದ್ದು ಅಡ್ಡಾದಿಡ್ಡಿ ಒಡೆಯಿತು ಅಂದಿರಲ್ಲ, ಆ ಚೂರನ್ನೇ ನೋಡಿ. ಒಡೆದ ಜಾಗದಲ್ಲಿ ಪದರಗಳು ಕಂಡರೆ ಹೆಚ್ಚಾಗಿ ಕಲ್ಲು. ನೂಲಿನಂಥ ಎಳೆ ಕಂಡರೆ ಕೈ ಹಾಕಬೇಡಿ.

ಕಲ್ಲೇ ಅಂತಾದ ಮೇಲೆ ಒಂದೊಂದನ್ನೂ ಎರಡು ಬೆರಳಲ್ಲಿ ಮೇಲಿನ ಅಂಚು ಹಿಡಿದು ತೂಗುಹಾಕಿ, ಬೆರಳ ಗೆಣ್ಣಿನಿಂದ ತಟ್ಟಿ. ಗಟ್ಟಿ ಸ್ಲೇಟು ಠಣ್ ಅನ್ನುತ್ತದೆ. ಬಿರುಕು ಬಿಟ್ಟದ್ದು, ಒಳಗೆ ಪದರ ಸಡಿಲಾದದ್ದು ಮಂಕಾಗಿ ಡಬ್ ಅನ್ನುತ್ತದೆ. ಮಂಕಾದದ್ದನ್ನು ಬೇರೆ ಇಡಿ, ಸುಮ್ನೆ ಅದರ ಮೇಲೆ ಶ್ರಮ ಹಾಕಬೇಡಿ, ಎಷ್ಟೇ ಹುಷಾರಾಗಿ ಹೊಡೆದರೂ ಅದು ತನಗೆ ಬೇಕಾದ ಕಡೆಯೇ ಒಡೆಯೋದು. ಇನ್ನೊಂದು ಹಳೆಯ ಪರೀಕ್ಷೆ ಇದೆ: ಸ್ಲೇಟನ್ನು ಬಕೆಟ್ ನೀರಲ್ಲಿ ಅರ್ಧ ಮುಳುಗುವ ಹಾಗೆ ರಾತ್ರಿಯಿಡೀ ನಿಲ್ಲಿಸಿ. ಬೆಳಿಗ್ಗೆ ನೀರಿನ ಮಟ್ಟದಿಂದ ಬಹಳ ಮೇಲಕ್ಕೆ ಒದ್ದೆ ಏರಿದ್ದರೆ ಆ ಕಲ್ಲು ನೀರು ಕುಡಿಯುತ್ತಿದೆ, ಅಲ್ಲಿನ ಚಳಿಗೆ ಒಳಗಿನ ನೀರು ಹೆಪ್ಪುಗಟ್ಟಿ ಪದರ ಬಿಡಿಸುತ್ತದೆ. ಮಣ್ಣಿಗೆ ಹೂಳೋದರಿಂದ ನಿಮಗೆ ಈ ಪರೀಕ್ಷೆ ಮುಖ್ಯ.

ಈಗ ಅದು ಯಾಕೆ ಅಡ್ಡಾದಿಡ್ಡಿ ಒಡೆಯಿತು ಅನ್ನೋದಕ್ಕೆ ಬರೋಣ. ಸ್ಲೇಟು ಅಂದರೆ ಹಿಂದೆ ಕೆಸರಾಗಿದ್ದದ್ದು. ಭೂಮಿಯೊಳಗಿನ ಒತ್ತಡಕ್ಕೆ ಸಿಕ್ಕಿ ಅದರ ಸಣ್ಣ ಸಣ್ಣ ಅಭ್ರಕದ ಹರಳುಗಳೆಲ್ಲ ಒಂದೇ ದಿಕ್ಕಿಗೆ ಮಲಗಿಬಿಟ್ಟಿವೆ. ಅದಕ್ಕೇ ಅದು ತೆಳ್ಳಗೆ ಸೀಳುತ್ತದೆ. ಜೊತೆಗೆ ಮರಕ್ಕಿರುವ ಹಾಗೆ ಇದಕ್ಕೂ ಉದ್ದಕ್ಕೆ ಒಂದು ಎಳೆ ಇದೆ. ಚಾವಣಿ ಸ್ಲೇಟು ಮಾಡುವವರು ಆ ಎಳೆ ಸ್ಲೇಟಿನ ಉದ್ದಕ್ಕೆ ಬರುವ ಹಾಗೇ ಕಡಿಯುತ್ತಾರೆ. ಉದ್ದಕ್ಕೆ ಕತ್ತರಿಸೋದು ಸುಲಭ, ನೀವು ಮಾಡುತ್ತಿರುವ ಹಾಗೆ ಅಡ್ಡಕ್ಕೆ ಕತ್ತರಿಸೋದು ಕಷ್ಟ. ಮಧ್ಯದಲ್ಲಿ ಒಂದು ಜೋರು ಪೆಟ್ಟು ಕೊಟ್ಟರೆ ಬಿರುಕು ಎಳೆಯ ಹಿಂದೆ ಓಡುತ್ತದೆ. ಅದಕ್ಕೆ ಪೆಟ್ಟು ಸಣ್ಣದಿರಬೇಕು, ಅಂಚಿನಿಂದಲೇ ಶುರುವಾಗಬೇಕು, ಕೆಳಗೆ ಗಟ್ಟಿ ಆಸರೆ ಇರಬೇಕು. ಇಷ್ಟೇ ಇದರ ಗುಟ್ಟು.

ಸಾಮಾನು ಏನು ಬೇಕು? ವೇಲ್ಸ್‌ನ ಚಾವಣಿ ಕೆಲಸದವರ ಹತ್ತಿರ ಸ್ಲೇಟು ಕತ್ತಿ ಇರುತ್ತದೆ, ಬೆನ್ನ ಮೇಲೆ ಒಂದು ಮೊಳೆ ಇರುವ ಮಚ್ಚು ಅಂದುಕೊಳ್ಳಿ. ಮಚ್ಚಿನ ಬಾಯಲ್ಲಿ ಕಲ್ಲು ಕಡಿಯೋದು, ಬೆನ್ನಿನ ಮೊಳೆಯಲ್ಲಿ ತೂತು ಹೊಡೆಯೋದು. ಇದಿಲ್ಲದಿದ್ದರೆ ಇಕ್ಕಳದ ಹಾಗೆ ಅದುಮುವ ಕೈ ಸ್ಲೇಟ್ ಕಟರ್ ಸಿಗುತ್ತದೆ, ಚಾವಣಿ ಸಾಮಾನು ಮಾರುವ ಅಂಗಡಿಯಲ್ಲಿ ಕೇಳಿ. ಮೊದಲ ಸಲ ಮಾಡುವವರಿಗೆ ನಾನು ಹೇಳೋದು ಈ ಕಟರನ್ನೇ. ಅದು ಚೂರು ಚೂರೇ ಕಚ್ಚಿಕೊಂಡು ಹೋಗುತ್ತದೆ, ಧೂಳು ಏಳೋದು ತೀರಾ ಕಡಿಮೆ, ತೂತು ಹೊಡೆಯುವ ಮೊಳೆಯೂ ಕೆಲವದರಲ್ಲಿ ಇರುತ್ತದೆ. ಎರಡೂ ಬೇಡ ಅಂದರೆ ಒಂದು ದಪ್ಪ ಹಲಗೆಯ ಅಂಚಿಗೆ ಎಲ್ ಆಂಗಲ್ ಕಬ್ಬಿಣ ಬಿಗಿದು, ಇಟ್ಟಿಗೆ ಒಡೆಯುವ ಅಗಲ ಬಾಯಿಯ ಉಳಿ ಮತ್ತು ಸುತ್ತಿಗೆ ಇಟ್ಟುಕೊಂಡರೂ ಸಾಕು. ಕಣ್ಣಿಗೆ ಕನ್ನಡಕ ಮಾತ್ರ ಬಿಡಲೇಬೇಡಿ, ಚಕ್ಕೆ ಎಲ್ಲಿಗೆ ಹಾರುತ್ತದೋ ಗೊತ್ತಾಗೋದಿಲ್ಲ. ಕೈಗೆ ದಪ್ಪ ಗ್ಲೌಸು.

ಸ್ಲೇಟಿನ ಮುಖ ಯಾವುದು, ಬೆನ್ನು ಯಾವುದು ನೋಡಿ. ಅಂಚು ಚಕ್ಕೆ ಎದ್ದು ಇಳಿಜಾರಾಗಿರುವ ಕಡೆ ಮುಖ, ಚಾವಣಿ ಮೇಲೆ ಅದೇ ಆಕಾಶ ನೋಡುತ್ತಾ ಇತ್ತು. ಗೆರೆ ಹಾಕಬೇಕಾದ್ದು ಬೆನ್ನಿನ ಮೇಲೆ. ಯಾಕಂದರೆ ಪೆಟ್ಟು ಬೀಳುವ ಕಡೆ ನೇರವಾಗಿ ಕತ್ತರಿಸುತ್ತದೆ, ಕೆಳಗಿನ ಕಡೆ ಚಕ್ಕೆ ಏಳುತ್ತದೆ. ಬೆನ್ನು ಮೇಲೆ ಮಾಡಿ ಹೊಡೆದರೆ ಹೊಸ ಅಂಚೂ ಹಳೆ ಮೂರು ಅಂಚುಗಳ ಹಾಗೇ ಬರುತ್ತದೆ. ಮಟ್ಟಗೋಲು ಇಟ್ಟು ಚೂಪು ಮೊಳೆಯಿಂದ ಗೆರೆ ಎಳೆಯಿರಿ. ಒಂದು ಸಲ ಸಾಲದು, ನಾಲ್ಕೈದು ಸಲ ಅದೇ ಗೆರೆ ಮೇಲೆ ಒತ್ತಿ ಎಳೆಯಿರಿ. ಗೆರೆ ಕಬ್ಬಿಣದ ಅಂಚಿಗೆ ಸರಿಯಾಗಿ ಕೂರುವ ಹಾಗೆ ಸ್ಲೇಟನ್ನು ಇಟ್ಟು, ಹೊರಗೆ ಚಾಚಿದ ಭಾಗವನ್ನು ಇನ್ನೊಬ್ಬರು ಕೆಳಗಿನಿಂದ ಹಗುರವಾಗಿ ಹಿಡಿದಿರಲಿ, ಇಲ್ಲದಿದ್ದರೆ ಅರ್ಧ ಕತ್ತರಿಸಿದ ಮೇಲೆ ಅದರ ತೂಕಕ್ಕೇ ಕಿತ್ತುಕೊಂಡು ಹೋಗುತ್ತದೆ. ನಿಮ್ಮ ಹತ್ತಿರದ ಅಂಚಿನಿಂದ ಶುರು ಮಾಡಿ ಒಂದೊಂದು ಇಂಚಿಗೆ ಒಂದೊಂದು ಪೆಟ್ಟು. ಜೋರು ಬೇಡ. ಕತ್ತಿ ಕಬ್ಬಿಣವನ್ನು ಸವರಿಕೊಂಡು ಇಳಿಯಬೇಕು. ಆ ಕಡೆಯ ಅಂಚು ಇನ್ನು ಒಂದೂವರೆ ಇಂಚು ಇದೆ ಅನ್ನುವಾಗ ನಿಲ್ಲಿಸಿ, ಸ್ಲೇಟು ತಿರುಗಿಸಿ ಆ ಕಡೆಯಿಂದ ಬನ್ನಿ. ಮೂಲೆ ಮುರಿಯೋದು ಯಾವಾಗಲೂ ಕೊನೆಯ ಪೆಟ್ಟಿಗೆ.

ಇಷ್ಟಾದರೂ ಧೈರ್ಯ ಬರಲಿಲ್ಲ ಅಂದರೆ ಇನ್ನೊಂದು ದಾರಿ. ಗೆರೆಯ ಉದ್ದಕ್ಕೂ ಅರ್ಧ ಇಂಚಿಗೊಂದರಂತೆ ಮೊಳೆಯಿಂದ ಸಣ್ಣ ತೂತು ಹೊಡೆಯುತ್ತಾ ಹೋಗಿ, ಕೆಳಗೆ ಮೆತ್ತನೆಯ ಮರದ ತುಂಡು ಇರಲಿ. ಸಾಲು ಮುಗಿದ ಮೇಲೆ ಮೇಜಿನ ಅಂಚಿಗೆ ಇಟ್ಟು ಅದುಮಿದರೆ ಆ ಸಾಲಿನಲ್ಲೇ ಮುರಿಯುತ್ತದೆ. ಅಂಚು ಹಲ್ಲು ಹಲ್ಲಾಗಿರುತ್ತದೆ, ಆದರೆ ನೀವು ಅದನ್ನು ಮಣ್ಣಿನೊಳಗೆ ಹೂಳುವವರು, ಯಾರಿಗೆ ಕಾಣಬೇಕು? ಮೊದಲು ಮಂಕು ಶಬ್ದ ಬಂದ ಸ್ಲೇಟಿನ ಮೇಲೆ ಕೈ ಕುದುರಿಸಿಕೊಳ್ಳಿ.

ಲೆಕ್ಕ ಹೀಗೆ. ಪಾತಿಯ ಸುತ್ತಳತೆ 18 ಅಡಿ, ಅಂದರೆ 216 ಇಂಚು. ಸ್ಲೇಟು ಅರ್ಧ ಮಾಡಿದರೆ 10 ಇಂಚಿನ ಚೌಕ. ಒಂದರ ಮೇಲೊಂದು ಒಂದಿಂಚು ಬರುವ ಹಾಗೆ ನಿಲ್ಲಿಸಿದರೆ 24 ತುಂಡು, ಹನ್ನೆರಡು ಸ್ಲೇಟು. ಒಡೆಯೋದಕ್ಕೆ ಇನ್ನು ಮೂರು ಸೇರಿಸಿಕೊಳ್ಳಿ. ಮೂವತ್ತರಲ್ಲಿ ಅರ್ಧ ಉಳಿಯಿತು, ಅಲ್ವಾ? ಹಳೆ ಮೊಳೆ ತೂತುಗಳನ್ನು ಗಮನಿಸಿ. ಸಾಮಾನ್ಯವಾಗಿ ಅವು ಸ್ಲೇಟಿನ ನಡುವಿಗಿಂತ ಸ್ವಲ್ಪ ಮೇಲೆ ಇರುತ್ತವೆ. ನಡುಗೆರೆ ತೂತಿಗೆ ತಾಗದಿದ್ದರೆ ಆಯಿತು, ತಾಗುವ ಹಾಗಿದ್ದರೆ ಗೆರೆಯನ್ನು ಒಂದಿಂಚು ಕೆಳಗೆ ಸರಿಸಿ. ಹೊಸದಾಗಿ ಕತ್ತರಿಸಿದ ಅಂಚು ಚೂಪಾಗಿರುತ್ತದೆ, ಅದನ್ನೇ ಕೆಳಗೆ ಮಾಡಿ 4 ಇಂಚು ಹೂಳಿ, ಹಳೆ ಅಂಚು ಮೇಲೆ 6 ಇಂಚು ಕಾಣಲಿ. ಆಗ ತೂತೂ ಮಣ್ಣೊಳಗೆ ಹೋಗುತ್ತದೆ, ಮಕ್ಕಳ ಮೊಣಕಾಲಿಗೂ ಕ್ಷೇಮ. ಕಾಲುವೆಯ ಹಾಗೆ ಕಿರಿದಾಗಿ ತೋಡಿ, ಸ್ಲೇಟು ನಿಲ್ಲಿಸಿ, ಎರಡೂ ಕಡೆ ಸಣ್ಣ ಜಲ್ಲಿ ಮತ್ತು ಮಣ್ಣು ತುಂಬಿ ಮರದ ತುಂಡಿನಿಂದ ಗಟ್ಟಿಸಿ. ಸ್ಲೇಟಿನ ತಲೆ ಮೇಲೆ ಸುತ್ತಿಗೆ ಇಟ್ಟು ಬಡಿದು ಇಳಿಸೋಕೆ ಹೋಗಬೇಡಿ, ಪದರ ಬಿಟ್ಟುಕೊಳ್ಳುತ್ತದೆ.

ಹಕ್ಕಿಗೂಡಿಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಪೆಟ್ಟಿಗೆಗಿಂತ ಎಲ್ಲ ಕಡೆ ಒಂದೆರಡು ಇಂಚು ಹೊರಗೆ ಚಾಚುವ ಒಂದೇ ಸ್ಲೇಟು ಇಳಿಜಾರಾಗಿ ಕೂರಿಸಿದರೆ ಮುಗಿಯಿತು. ತೂತನ್ನು ಬೆನ್ನಿನ ಕಡೆಯಿಂದ ಹೊಡೆಯಿರಿ, ಮುಖದ ಕಡೆ ಚಕ್ಕೆ ಎದ್ದು ಸಣ್ಣ ಗುಂಡಿ ಆಗುತ್ತದೆ, ಮೊಳೆಯ ತಲೆ ಅದರಲ್ಲಿ ಕೂರುತ್ತದೆ. ತಾಮ್ರದ ಮೊಳೆ ಹಾಕಿ, ಕಬ್ಬಿಣದ್ದು ತುಕ್ಕು ಹಿಡಿಯುತ್ತದೆ. ಪೂರ್ತಿ ಬಿಗಿಯಬೇಡಿ, ಸ್ಲೇಟು ಮೊಳೆಗೆ ನೇತಾಡಿದ ಹಾಗಿರಬೇಕು, ಬಿಗಿದರೆ ಅಲ್ಲಿಂದಲೇ ಬಿರುಕು. ಒಂದು ಕೌಂಟೆಸ್ ಸುಮಾರು 2 ಕೆ.ಜಿ. ತೂಗುತ್ತದೆ, ಪೆಟ್ಟಿಗೆ ನೇತುಹಾಕುವ ಕೊಕ್ಕೆ ಅದಕ್ಕೆ ತಕ್ಕ ಹಾಗಿರಲಿ.

ಮತ್ತೆ ಗ್ರೈಂಡರ್ ಯಾಕೆ ಬೇಡ ಅಂದೆ ಅಂದರೆ, ಸ್ಲೇಟಿನಲ್ಲಿ ನೂರಕ್ಕೆ 20ರಿಂದ 40ರಷ್ಟು ಸಿಲಿಕಾ (ಮರಳಿನಲ್ಲಿರುವ ಗಟ್ಟಿ ಖನಿಜ) ಇರುತ್ತದೆ. ಒಣ ಕಲ್ಲಿನ ಮೇಲೆ ಡೈಮಂಡ್ ಬ್ಲೇಡು ಓಡಿದರೆ ಅದು ಕಣ್ಣಿಗೂ ಕಾಣದಷ್ಟು ನುಣ್ಣಗಾಗಿ ಗಾಳಿಯಲ್ಲಿ ತೇಲುತ್ತದೆ, ಶ್ವಾಸಕೋಶದ ತಳಕ್ಕೆ ಹೋಗಿ ಕೂರುತ್ತದೆ, ಮತ್ತೆ ಹೊರಗೆ ಬರೋದಿಲ್ಲ. ನಮ್ಮ ಕೋಲಾರದ ಚಿನ್ನದ ಗಣಿಯಲ್ಲಿ ದುಡಿದ ಎಷ್ಟು ಜನ ಸಿಲಿಕೋಸಿಸ್, ಅಂದರೆ ಈ ಧೂಳಿನಿಂದಾಗುವ ಶ್ವಾಸಕೋಶದ ರೋಗ, ಬಂದು ನರಳಿದ್ದಾರೆ. ನಾವೆಲ್ಲ ಶಾಲೆಯಲ್ಲಿ ಹಿಡಿದ ಸ್ಲೇಟು ಕಡ್ಡಿಯನ್ನು ಕೊರೆಯುತ್ತಿದ್ದ ಮಧ್ಯಪ್ರದೇಶದ ಮಂದಸೌರ್‌ನ ಕೂಲಿಗಳದ್ದೂ ಅದೇ ಕಥೆ, ಮಿಷನ್ ಗರಗಸದ ಧೂಳು ಅವರ ಉಸಿರನ್ನೇ ತೆಗೆಯಿತು. ಒಂದು ಮಧ್ಯಾಹ್ನದ ಕೆಲಸಕ್ಕೆ ರೋಗ ಬಂದೇಬಿಡುತ್ತದೆ ಅಂತ ನಾನು ಹೇಳುತ್ತಿಲ್ಲ. ಕೈಯಲ್ಲಿ ಆಗುವ ಕೆಲಸಕ್ಕೆ ಆ ಧೂಳನ್ನು ಯಾಕೆ ಮನೆಗೆ ಕರೆಯಬೇಕು ಅಂತ ಕೇಳುತ್ತಿದ್ದೇನೆ. ನಿಮ್ಮ ಮನೆಯವರಿಗೆ ಮಿಷನ್ನೇ ಬೇಕು ಅಂದರೆ ತಟ್ಟೆಯಲ್ಲಿ ನೀರಿರುವ ಟೈಲ್ಸ್ ಕಟರ್ ಬಾಡಿಗೆಗೆ ತನ್ನಿ, ಬ್ಲೇಡು ಹಲ್ಲಿಲ್ಲದ ಸುತ್ತು ಅಂಚಿನದಿರಲಿ, ನುಣ್ಣನೆ ಧೂಳು ತಡೆಯುವ ಎಫ್‌ಎಫ್‌ಪಿ3 ಮಾಸ್ಕ್ ಮುಖಕ್ಕೆ ಬಿಗಿಯಾಗಿ ಕೂತಿರಲಿ. ಮುಗಿದ ಮೇಲೆ ಕೆಸರು ಒಣಗುವ ಮುಂಚೆ ತೊಳೆದುಬಿಡಿ, ಒಣಗಿದರೆ ಅದು ಮತ್ತೆ ಧೂಳೇ.

ಪ್ರಶ್ನೆ: ಸರ್, ಅಡುಗೆಮನೆ ಕಟ್ಟೆ ಬದಲಾಯಿಸಿದಾಗ ಕಡಪ ಕಲ್ಲಿನ ತುಂಡುಗಳು ಉಳಿದವು. ತಾರಸಿ ತೋಟದಲ್ಲಿ ಕುಂಡಗಳ ಕೆಳಗೆ, ಪಾತಿಯ ಅಂಚಿಗೆ ಹಾಕಬೇಕು. ಸ್ಲೇಟಿನ ಹಾಗೆ ಇದನ್ನೂ ಸುತ್ತಿಗೆಯಲ್ಲಿ ಕತ್ತರಿಸಬಹುದಾ? — ಓದುಗರು, ಬೆಂಗಳೂರು

ಉತ್ತರ: ಆಗೋದಿಲ್ಲ. ಕಪ್ಪಗಿದೆ, ಚಪ್ಪಟೆಯಾಗಿದೆ ಅಂತ ಕಡಪ ಕಲ್ಲನ್ನು ಸ್ಲೇಟು ಅಂದುಕೊಳ್ಳುವವರು ಇದ್ದಾರೆ, ಅದು ಸುಣ್ಣದ ಕಲ್ಲು. ಕಲಬುರಗಿ ಕಡೆಯ ಶಹಾಬಾದ್ ಕಲ್ಲೂ ಸುಣ್ಣದ ಕಲ್ಲೇ. ಒಂದು ಹನಿ ನಿಂಬೆರಸ ಬಿಟ್ಟು ಒರೆಸಿ ನೋಡಿ, ಪಾಲಿಶ್ ಹೋಗಿ ಬೆಳ್ಳಗೆ ಕಲೆ ಉಳಿದರೆ ಸುಣ್ಣದ ಕಲ್ಲು. ಅಡುಗೆಮನೆಯಲ್ಲಿ ನೀವೇ ನೋಡಿರುತ್ತೀರಿ. ನಿಮ್ಮ ಕಲ್ಲು ಮುಕ್ಕಾಲು ಇಂಚು ದಪ್ಪ ಇರುತ್ತದೆ, ಸ್ಲೇಟು ಕಾಲು ಇಂಚು. ಈ ದಪ್ಪಕ್ಕೆ ಕತ್ತಿ ಏಟು ನಡೆಯೋದಿಲ್ಲ. ಮನೆ ಹತ್ತಿರದ ಗ್ರಾನೈಟ್ ಅಂಗಡಿಗೆ ಅಳತೆ ಬರೆದುಕೊಂಡು ಹೋಗಿ, ನೀರು ಬಿಡುವ ದೊಡ್ಡ ಮಿಷನ್ನಿನಲ್ಲಿ ಕತ್ತರಿಸಿಕೊಡುತ್ತಾರೆ. ಹೊರಡುವ ಮುಂಚೆ ತುಂಡುಗಳನ್ನು ನೆಲದ ಮೇಲೆ ಜೋಡಿಸಿ ನೋಡಿದರೆ ಎಷ್ಟೋ ಕಡೆ ಕತ್ತರಿಸೋ ಅಗತ್ಯವೇ ಬರೋದಿಲ್ಲ. ತಾರಸಿಯಲ್ಲಿ ಕೈ ಗ್ರೈಂಡರ್ ಹಿಡಿದು ಪಕ್ಕದಲ್ಲಿ ಪೈಪಿನಿಂದ ನೀರು ಬಿಡಿಸೋ ಅಭ್ಯಾಸ ತುಂಬಾ ಕಡೆ ಇದೆ, ಕರೆಂಟು ಮತ್ತು ನೀರು ಒಂದೇ ಕೈಯಲ್ಲಿ, ದಯವಿಟ್ಟು ಮಾಡಬೇಡಿ.

ತೂಕದ ಲೆಕ್ಕವನ್ನೂ ಹಾಕಿ. ಮುಕ್ಕಾಲು ಇಂಚಿನ ಕಡಪ ಕಲ್ಲು ಒಂದು ಚದರ ಮೀಟರಿಗೆ 50 ಕೆ.ಜಿ. ದಾಟುತ್ತದೆ, ಅದರ ಮೇಲೆ ಒದ್ದೆ ಮಣ್ಣು, ಕುಂಡ. ಭಾರವನ್ನೆಲ್ಲ ತಾರಸಿಯ ನಡುವೆ ಹಾಕದೆ ಗೋಡೆ ಇರುವ ಕಡೆಗೆ ಇಡಿ. ಬಿಸಿಲು ಮಳೆಗೆ ಕಡಪದ ಕಪ್ಪು ಹೋಗಿ ಬೂದು ಬಣ್ಣ ಬರುತ್ತದೆ, ಅದು ಕಲ್ಲು ಕೆಟ್ಟದ್ದಲ್ಲ, ಹೆದರಬೇಡಿ.

ಪ್ರಶ್ನೆ: ಶಹಾಬಾದ್ ಫರಸಿ ಪಾಲಿಶ್ ಮಾಡದ್ದು ಮನೆಯಲ್ಲಿದೆ ಸರ. ನಮ್ಮ ಕಡೆ ಕಲ್ಲಿನ ಕೆಲಸದವರು ಉಳಿಯಿಂದಲೇ ಮುರೀತಾರೆ. ನಾವೂ ಮಾಡಬಹುದಾ? — ಓದುಗರು, ಕಲಬುರಗಿ

ಉತ್ತರ: ಖಂಡಿತ. ಗೆರೆ ಹಾಕಿ, ಅದರ ಮೇಲೆ ಉಳಿಯಿಂದ ಒಂದು ತುದಿಯಿಂದ ಇನ್ನೊಂದು ತುದಿಗೆ ಸಣ್ಣ ಕಾಲುವೆ ಬರುವ ತನಕ ಹಗುರವಾಗಿ ಹೊಡೆಯುತ್ತಾ ಹೋಗಿ. ಕಲ್ಲು ತಿರುವಿ ಹಿಂದೆಯೂ ಅದೇ ಜಾಗಕ್ಕೆ ಹಾಗೇ ಮಾಡಿ. ಕೆಳಗೆ ಮರಳು ಹರಡಿರಬೇಕು, ಗಟ್ಟಿ ನೆಲದ ಮೇಲೆ ಇಟ್ಟರೆ ಎಲ್ಲಿ ಉಬ್ಬಿದೆಯೋ ಅಲ್ಲಿ ಮುರಿಯುತ್ತದೆ. ಎರಡು ಮೂರು ಸುತ್ತು ಹೋದ ಮೇಲೆ ಸುತ್ತಿಗೆಯ ಸದ್ದು ಬದಲಾಗುತ್ತದೆ, ಒಳಗೆ ಬಿಟ್ಟುಕೊಂಡಿತು ಅಂತ ಅರ್ಥ. ಆಗ ಗೆರೆ ಕೆಳಗೆ ಒಂದು ಕೋಲು ಇಟ್ಟು ಎರಡೂ ಕಡೆ ಅದುಮಿ. ನಿಮ್ಮೂರಿನ ಕೆಲಸದವರು ಮಾಡುವಾಗ ಪಕ್ಕದಲ್ಲಿ ನಿಂತು ಒಂದು ಕಲ್ಲು ಮುರಿಯೋದನ್ನು ನೋಡಿ, ಆ ಸದ್ದನ್ನು ನಾನು ಬರೆದು ತಿಳಿಸಲಾರೆ.

ಪ್ರಶ್ನೆ: ಕೊಟ್ಟಿಗೆಯ ಹಳೆ ಸಿಮೆಂಟ್ ಶೀಟು ತೆಗೆಸಿದೆವು. ಒಂದೊಂದು ಅಡಿಗೆ ಕತ್ತರಿಸಿ ತರಕಾರಿ ಪಾತಿಗೆ ಅಂಚು ಕಟ್ಟಬಹುದಾ? — ಓದುಗರು, ತೀರ್ಥಹಳ್ಳಿ

ಉತ್ತರ: ಬೇಡ, ಬೇಡ. ಹಳೆ ಸಿಮೆಂಟ್ ಶೀಟು ಅಂದರೆ ಹೆಚ್ಚಾಗಿ ಕಲ್ನಾರಿನದು. ಬ್ರಿಟನ್ನಿನಲ್ಲಿ ನಿಷೇಧ ಆಗಿದ್ದರೂ ನಮ್ಮಲ್ಲಿ ಈಗಲೂ ಮಾರಾಟವಾಗುತ್ತದೆ, ಹಾಗಾಗಿ ಅಪಾಯ ಇಲ್ಲ ಅಂತ ಜನ ಅಂದುಕೊಂಡುಬಿಟ್ಟಿದ್ದಾರೆ. ಕತ್ತರಿಸಿದಾಗ, ಒಡೆದಾಗ ಏಳುವ ಎಳೆಗಳು ಉಸಿರಿನಲ್ಲಿ ಹೋದರೆ ಹತ್ತಾರು ವರ್ಷ ಬಿಟ್ಟು ಕ್ಯಾನ್ಸರ್ ತರಬಲ್ಲವು. ಇಡಿಯಾಗಿರುವ ಶೀಟನ್ನು ಇಡಿಯಾಗಿಯೇ ಒಂದು ಕಡೆ ಒರಗಿಸಿ ಮುಚ್ಚಿಡಿ. ಒಡೆದ ಚೂರಿದ್ದರೆ ನೀರು ಚಿಮುಕಿಸಿ ಒದ್ದೆ ಮಾಡಿ, ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಪೊರಕೆಯಲ್ಲಿ ಒಣಗುಡಿಸಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ ಆ ಬಟ್ಟೆಯನ್ನೂ ಚೀಲಕ್ಕೆ ಹಾಕಿ. ಎಲ್ಲಿ ಕೊಡಬೇಕು ಅಂತ ಪಟ್ಟಣ ಪಂಚಾಯಿತಿಯಲ್ಲಿ ಕೇಳಿ. ಪಾತಿಗೆ ನಿಮ್ಮ ಕಡೆ ಒಡೆದ ಮಂಗಳೂರು ಹೆಂಚು ಬೇಕಾದಷ್ಟು ಸಿಗುತ್ತದೆ, ಅರ್ಧ ಹೂತು ಸಾಲಾಗಿ ನಿಲ್ಲಿಸಿ. ಸುಟ್ಟ ಜೇಡಿಮಣ್ಣು ಅದು, ತರಕಾರಿಗೆ ಏನೂ ಆಗೋದಿಲ್ಲ.

ಪ್ರಶ್ನೆ: ಸ್ಲೇಟು ಕತ್ತರಿಸಿ ಉಳಿದ ಪಟ್ಟಿಗಳ ಮೇಲೆ ಗಿಡದ ಹೆಸರು ಬರೆದು ಚುಚ್ಚಬೇಕು. ಬಳಪದಲ್ಲಿ ಬರೆದರೆ ಮಳೆಗೆ ಹೋಗುತ್ತದೆ. ಬಣ್ಣ ಯಾವುದು? — ಓದುಗರು, ಮೈಸೂರು

ಉತ್ತರ: ಬಣ್ಣ ಬೇಡ. ಚೂಪು ಮೊಳೆಯಿಂದ ಗೀರಿ ಬರೆಯಿರಿ, ಗೀರಿದ ಗೆರೆ ಬೂದು ಬಿಳುಪಾಗಿ ಕಾಣುತ್ತದೆ, ಮಳೆಗೆ ಅಳಿಸೋದಿಲ್ಲ. ಮೊದಲು ಪಟ್ಟಿಯನ್ನು ಒದ್ದೆ ಮಾಡಿಕೊಂಡು ಗೀರಿ, ಧೂಳು ಏಳೋದಿಲ್ಲ. ದೊಡ್ಡ ಅಕ್ಷರ, ಒಂದೇ ಸಾಲು. ಪಟ್ಟಿಯ ತುದಿ ಚೂಪು ಮಾಡೋಕೆ ಅದನ್ನು ಕಲ್ಲಿನ ಮೇಲೆ ನೀರು ಹಾಕಿ ಉಜ್ಜಿ.